ಮೊದಲ ಧಾರೆ

ಅಥಣಿಯಾಗಲಿ ಚಿಕ್ಕೋಡಿಯಾಗಲಿ, ಮೂತ್ರ ಪರೀಕ್ಷೆಗೆಂದು ಲ್ಯಾಬಿಗೆ ಹೋದವರ ಕೈಗೆ ಮುಚ್ಚಳದ ಸಣ್ಣ ಡಬ್ಬಿಯ ಜೊತೆ ಒಂದು ಮಾತೂ ಸಿಗುತ್ತದೆ: ‘ಮೊದಲಿಂದು ಬಿಡ್ರಿ, ನಡುವಿಂದು ಹಿಡೀರಿ.’ ಮೂತ್ರಕೋಶದ ಸೋಂಕು ಹುಡುಕುವಾಗ ಈ ಮಾತು ನೂರಕ್ಕೆ ನೂರು ಸರಿ. ಮೂತ್ರನಾಳದ ತುದಿಯಲ್ಲಿ, ಸುತ್ತಲಿನ ಚರ್ಮದ ಮೇಲೆ ಸಹಜವಾಗಿಯೇ ಇರುವ ಬ್ಯಾಕ್ಟೀರಿಯಾಗಳನ್ನು ಮೊದಲ ಧಾರೆ ತೊಳೆದುಕೊಂಡು ಹೋಗುತ್ತದೆ. ಒಳಗಿನ ಸ್ಥಿತಿ ತಿಳಿಯುವುದು ನಡುವಿನ ಮೂತ್ರದಿಂದ. ಆದರೆ ಹುಡುಕುತ್ತಿರುವುದು ಕ್ಲಮಿಡಿಯಾ ಆಗಿದ್ದರೆ ಇದೇ ಮಾತಿನಿಂದ ರೋಗ ಕೈತಪ್ಪಬಹುದು. ಆ ಬ್ಯಾಕ್ಟೀರಿಯಾದ ಮನೆ ಮೂತ್ರನಾಳದ ಒಳಗೋಡೆಯ ಜೀವಕೋಶಗಳು. ಹೊರಬರುವ ಮೊದಲ 20–30 ಮಿಲಿಲೀಟರ್ ಮೂತ್ರ ಆ ಗೋಡೆಯನ್ನು ಸವರಿಕೊಂಡು, ಉದುರಿದ ಜೀವಕೋಶಗಳನ್ನು ಹೊತ್ತು ತರುತ್ತದೆ. ಪರೀಕ್ಷೆಗೆ ಬೇಕಾದದ್ದು ಅಷ್ಟೇ, ಅದೇ. ಅದನ್ನು ಬಿಟ್ಟು ನಡುವಿನದನ್ನು ಹಿಡಿದು ಕೊಟ್ಟರೆ, ಎಷ್ಟೇ ಬೆಲೆಬಾಳುವ ಯಂತ್ರವಾದರೂ ‘ಸೋಂಕು ಇಲ್ಲ’ ಎಂದು ಬರೆಯುವ ಸಾಧ್ಯತೆ ಹೆಚ್ಚುತ್ತದೆ. ಪರೀಕ್ಷೆಗೆ ಮುಂಚೆ ಕನಿಷ್ಠ ಒಂದು ಗಂಟೆ ಮೂತ್ರಕ್ಕೆ ಹೋಗಿರಬಾರದು, ತೊಳೆದುಕೊಂಡು ಬರಬಾರದು, ಡಬ್ಬಿ ತುಂಬ ಹಿಡಿಯಲೂಬಾರದು. ಹೆಚ್ಚು ಹಿಡಿದಷ್ಟೂ ಮಾದರಿ ತೆಳುವಾಗುತ್ತದೆ.

ಕ್ಲಮಿಡಿಯಾ ಪರೀಕ್ಷೆಯ ಸತ್ಯಾಸತ್ಯದ ದೊಡ್ಡ ಪಾಲು ಲ್ಯಾಬಿನ ಬಾಗಿಲಿಗೆ ಬರುವ ಮುಂಚೆಯೇ ನಿರ್ಧಾರವಾಗಿ ಹೋಗಿರುತ್ತದೆ. ಮಾದರಿ ದೇಹದ ಯಾವ ಭಾಗದ್ದು, ಯಾರು ತೆಗೆದದ್ದು, ಹೇಗೆ, ಯಾವಾಗ ತೆಗೆದದ್ದು ಎಂಬ ಪ್ರಶ್ನೆಗಳು ಯಂತ್ರದ ಹೆಸರಿಗಿಂತ ಮುಖ್ಯ. ರಾಯಬಾಗದ ಕಬ್ಬಿನ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಣ್ಣು ಪರೀಕ್ಷೆಗೆ ತಿಪ್ಪೆಯ ಪಕ್ಕದ ಮಣ್ಣನ್ನೋ ಬದುವಿನ ಮಣ್ಣನ್ನೋ ಒಯ್ದು ಕೊಟ್ಟರೆ ಬರುವ ಚೀಟಿ ಇಡೀ ಹೊಲದ್ದಲ್ಲ ಎಂದು ಅವರಿಗೆ ಗೊತ್ತು. ದೇಹದ ವಿಷಯಕ್ಕೆ ಬಂದಾಗ ಮಾತ್ರ ನಾವು ರಿಪೋರ್ಟನ್ನು ಪ್ರಶ್ನಿಸದೆ ನಂಬುತ್ತೇವೆ.

ಕ್ಲಮಿಡಿಯಾ ಟ್ರಕೋಮಟಿಸ್ ಎಂಬುದು ಲೈಂಗಿಕ ಸಂಪರ್ಕದಿಂದ ಹರಡುವ ಬ್ಯಾಕ್ಟೀರಿಯಾ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 12.9 ಕೋಟಿ ಹೊಸ ಸೋಂಕುಗಳಾದವು. ಇಷ್ಟು ಹರಡಿಯೂ ಜನರ ಬಾಯಲ್ಲಿ ಇದಕ್ಕೊಂದು ಹೆಸರಿಲ್ಲ, ಏಕೆಂದರೆ ಇದು ಸದ್ದು ಮಾಡುವುದಿಲ್ಲ. ಸೋಂಕಿರುವ ಹೆಂಗಸರಲ್ಲಿ ಹೆಚ್ಚಿನವರಿಗೆ, ಗಂಡಸರಲ್ಲಿ ಅರ್ಧದಷ್ಟು ಮಂದಿಗೆ ಯಾವ ತೊಂದರೆಯೂ ಕಾಣುವುದಿಲ್ಲ. ಕಂಡರೂ ಅದು ಎಲ್ಲರೂ ಹೇಳುವ ತೊಂದರೆಯೇ: ‘ಬಿಳೇದು ಹೋಗತೈತ್ರಿ’, ‘ಕಿಬ್ಬೊಟ್ಟಿ ನೋಯತೈತ್ರಿ’, ‘ಮೂತ್ರ ಉರಿ ಐತ್ರಿ’. ಈ ಮೌನದಲ್ಲಿಯೇ ಸೋಂಕು ಗರ್ಭಕೋಶದ ಕೊರಳಿನಿಂದ ಮೇಲೇರಿ ಗರ್ಭನಾಳಗಳಿಗೆ ಹೋಗಬಹುದು. ಅಲ್ಲಿ ಗಾಯ ಮಾಗಿ ಕಲೆಗಟ್ಟಿದರೆ ನಾಳ ಮುಚ್ಚಿಕೊಂಡು ಮಕ್ಕಳಾಗದೆ ಹೋಗಬಹುದು, ಅಥವಾ ಗರ್ಭ ನಾಳದಲ್ಲಿಯೇ ನಿಂತು ಜೀವಕ್ಕೇ ಕುತ್ತು ಬರಬಹುದು. ಹೆರಿಗೆಯ ಹೊತ್ತಿಗೆ ತಾಯಿಗೆ ಸೋಂಕಿದ್ದರೆ ಕೂಸಿನ ಕಣ್ಣಿಗೂ ಎದೆಗೂ ತಗಲಬಹುದು. ಮಕ್ಕಳಾಗದ ಮನೆಯಲ್ಲಿ ಮಾತು ಯಾರ ಮೇಲೆ ಬರುತ್ತದೆ ಎಂಬುದು ಗೊತ್ತೇ ಇದೆ. ಒಂದು ಗ್ರಾಂ ಅಜಿತ್ರೊಮೈಸಿನ್ ಅಥವಾ ಏಳು ದಿನದ ಡಾಕ್ಸಿಸೈಕ್ಲಿನ್ ಮಾತ್ರೆಯಿಂದ ಗುಣವಾಗಬಹುದಾಗಿದ್ದ ರೋಗಕ್ಕೆ ಒಬ್ಬ ಹೆಂಗಸು ಜೀವನವಿಡೀ ಮಾತು ಕೇಳಬೇಕಾಗುವುದು ನನ್ನನ್ನು ಈ ವಿಷಯ ಬರೆಯಲು ಕೂರಿಸಿತು.

ಬೆಳಗಾವಿ ಜಿಲ್ಲೆಯ ಅಥಣಿ, ಚಿಕ್ಕೋಡಿ, ರಾಯಬಾಗ, ನಿಪ್ಪಾಣಿ, ಕಾಗವಾಡ, ಈ ಐದು ತಾಲ್ಲೂಕುಗಳ ಭೂಗೋಳವನ್ನೂ ಸ್ವಲ್ಪ ನೋಡಬೇಕು. ಪುಣೆ–ಬೆಂಗಳೂರು ಹೆದ್ದಾರಿ ನಿಪ್ಪಾಣಿಯನ್ನು ಹಾಯ್ದು ಹೋಗುತ್ತದೆ. ನಿಪ್ಪಾಣಿಯಲ್ಲಿ ತಂಬಾಕು ಮತ್ತು ಬೀಡಿ, ಉಗಾರದಲ್ಲಿ ಸಕ್ಕರೆ ಕಾರ್ಖಾನೆ, ಕೃಷ್ಣೆಯ ದಂಡೆಯುದ್ದಕ್ಕೂ ಕಬ್ಬು. ಹಂಗಾಮು ಬಂತೆಂದರೆ ಕಬ್ಬು ಕಡಿಯುವ ಗ್ಯಾಂಗುಗಳು ಗಂಡ, ಹೆಂಡತಿ, ಮಕ್ಕಳು ಸಮೇತ ಬಂದು ಇಳಿಯುತ್ತವೆ. ಕಾಗವಾಡದವರಿಗೆ ಮಹಾರಾಷ್ಟ್ರದ ಮಿರಜ್ ಪಕ್ಕದೂರು, ಜಿಲ್ಲಾಕೇಂದ್ರ ಬೆಳಗಾವಿ ನೂರು ಕಿಲೋಮೀಟರಿಗೂ ಆಚೆ. ಕಾಯಿಲೆ ಜಡ್ಡು ಎಂದರೆ ಇಲ್ಲಿನ ಜನ ಗಡಿ ದಾಟಿ ಮಿರಜ್, ಸಾಂಗ್ಲಿಗೆ ಹೋಗುವುದು ತಲೆಮಾರುಗಳ ರೂಢಿ. ಮಿರಜಿನ ಮಿಷನ್ ಆಸ್ಪತ್ರೆ 1894ರಷ್ಟು ಹಳೆಯದು. ಯಲ್ಲಮ್ಮನ ಹೆಸರಿನಲ್ಲಿ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟುವ ದೇವದಾಸಿ ಪದ್ಧತಿ ಬೇರುಬಿಟ್ಟಿದ್ದ ಸೀಮೆಯೂ ಇದೇ. 1982ರ ಕರ್ನಾಟಕದ ಕಾಯ್ದೆ ಅದನ್ನು ನಿಷೇಧಿಸಿತು. ಆದರೆ ಅದಾಗಲೇ ಮುತ್ತು ಕಟ್ಟಿಸಿಕೊಂಡಿದ್ದ ಹೆಂಗಸರ ಬದುಕಿನ ದಾರಿ ಕಾಯ್ದೆಯೊಂದರಿಂದ ಬದಲಾಗಲಿಲ್ಲ. ಅವರಲ್ಲಿ ಎಷ್ಟೋ ಮಂದಿ ತಮ್ಮ ಊರಿನಲ್ಲಿ, ತಮ್ಮ ಮನೆಯಲ್ಲಿಯೇ ಇದ್ದುಕೊಂಡು ಲೈಂಗಿಕ ವೃತ್ತಿ ನಡೆಸಿದರು. ದೊಡ್ಡ ನಗರಗಳ ಓಣಿಗಳಂತೆ ಒಂದೆಡೆ ಗುರುತಿಸಿ ಆಸ್ಪತ್ರೆ ತೆರೆಯುವ ಹಾಗೆ ಇಲ್ಲಿನ ಸ್ಥಿತಿ ಇರಲಿಲ್ಲ.

ಎಚ್ಐವಿ ತಡೆಯುವ ದೊಡ್ಡ ಕೆಲಸ ಇಲ್ಲಿ ಶುರುವಾದದ್ದು ಈ ಶತಮಾನದ ಮೊದಲ ವರ್ಷಗಳಲ್ಲಿ. ಗೇಟ್ಸ್ ಪ್ರತಿಷ್ಠಾನದ ‘ಆವಾಹನ್’ 2003ರಲ್ಲಿ ಆರಂಭವಾಯಿತು. ರಾಜ್ಯದ ಹೆಚ್ಚಿನ ಜಿಲ್ಲೆಗಳಲ್ಲಿ ಅದರ ಹೊಣೆ ಹೊತ್ತದ್ದು ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್. ಗಡಿಯ ಆಚೆ ಸಾಂಗ್ಲಿಯಲ್ಲಿ ‘ಸಂಗ್ರಾಮ್’ ಸಂಸ್ಥೆ ಮತ್ತು ಲೈಂಗಿಕ ವೃತ್ತಿಯ ಹೆಂಗಸರದೇ ಸಂಘಟನೆಯಾದ ‘ವ್ಯಾಂಪ್’ ಆಗಲೇ ಕೆಲಸದಲ್ಲಿದ್ದವು. ಕೆಲಸ ಫಲಿಸುತ್ತಿದೆಯೇ ಎಂದು ತಿಳಿಯಲು ಬೆಳಗಾವಿ, ಬಳ್ಳಾರಿ, ಮೈಸೂರು, ಶಿವಮೊಗ್ಗ ಮತ್ತು ಬೆಂಗಳೂರು ನಗರ, ಈ ಐದು ಜಿಲ್ಲೆಗಳಲ್ಲಿ ವೃತ್ತಿಯ ಹೆಂಗಸರ ನಡುವೆ ಸಮೀಕ್ಷೆ ನಡೆಯಿತು. ಕೆಲವು ವರ್ಷ ಬಿಟ್ಟು ಮತ್ತೊಮ್ಮೆ ನಡೆಯಿತು. ಪ್ರಶ್ನೆಗಳ ಜೊತೆಗೆ ರಕ್ತ ಮತ್ತು ಮೂತ್ರವನ್ನೂ ಕೇಳಿದರು. ಐದೂ ಜಿಲ್ಲೆ ಸೇರಿ ಎಚ್ಐವಿ ಶೇ 19.6ರಿಂದ 16.4ಕ್ಕೆ ಇಳಿದಿತ್ತು. ಕ್ಲಮಿಡಿಯಾ ಅಥವಾ ಗೊನೋರಿಯಾ, ಎರಡರಲ್ಲಿ ಒಂದಾದರೂ ಇದ್ದವರು ಶೇ 8.9ರಿಂದ 7ಕ್ಕೆ ಬಂದಿದ್ದರು. ಕಾಂಡೋಮ್ ಬಳಕೆ ಏರಿತ್ತು. ಈ ಇಳಿಕೆಯ ಹಿಂದೆ ಹಳ್ಳಿ ಹಳ್ಳಿ ತಿರುಗಿದ ಅದೇ ವೃತ್ತಿಯ ಹೆಂಗಸರ ದುಡಿಮೆ ಇದೆ.

ಇಲ್ಲಿ ಒಂದು ಸಣ್ಣ ಸಂಗತಿಯನ್ನು ಗಮನಿಸಬೇಕು: ಕ್ಲಮಿಡಿಯಾಕ್ಕೆ ಕೇಳಿದ್ದು ಮೂತ್ರ. ಅದಕ್ಕೂ ಹತ್ತು–ಹದಿನೈದು ವರ್ಷ ಮುಂಚೆ ಇಂಥ ಸಮೀಕ್ಷೆ ಮಾಡಬೇಕೆಂದರೆ ಪ್ರತಿಯೊಬ್ಬಳನ್ನೂ ಮೇಜಿನ ಮೇಲೆ ಮಲಗಿಸಿ, ಉಪಕರಣ ಹಾಕಿ, ಗರ್ಭಕೋಶದ ಕೊರಳಿನಿಂದ ಸ್ವ್ಯಾಬ್ ತೆಗೆಯಬೇಕಾಗುತ್ತಿತ್ತು. ಅದಕ್ಕೆ ಮರೆ ಬೇಕು, ಬೆಳಕು ಬೇಕು, ವೈದ್ಯೆ ಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಹೆಂಗಸರು ಒಪ್ಪಬೇಕು. ಹಳ್ಳಿಯ ಒಂದು ಮನೆಯಲ್ಲಿ ಕೂತು ಮಾತಾಡಿ, ಡಬ್ಬಿ ಕೊಟ್ಟು, ಮೂತ್ರ ತಂದು ಐಸ್‌ಪೆಟ್ಟಿಗೆಯಲ್ಲಿಟ್ಟು ಕಳಿಸುವುದು ಸಾಧ್ಯವಾದದ್ದರಿಂದಲೇ ಜಿಲ್ಲೆಯ ಮಟ್ಟದ ಅಂಕಿ ನಮ್ಮ ಕೈಗೆ ಬಂತು. ಆದರೆ ಹೆಂಗಸರ ಮೂತ್ರದಲ್ಲಿ ಈ ಬ್ಯಾಕ್ಟೀರಿಯಾದ ಪ್ರಮಾಣ ಯೋನಿಯ ಸ್ವ್ಯಾಬಿಗಿಂತ ಕಡಿಮೆ. ಸೋಂಕಿನ ಮುಖ್ಯ ನೆಲೆ ಗರ್ಭಕೋಶದ ಕೊರಳು, ಮೂತ್ರ ಅದನ್ನು ಮುಟ್ಟುವುದೇ ಇಲ್ಲ. ಹೆಂಗಸರಲ್ಲಿ ಮೂತ್ರ ಮಾತ್ರ ಪರೀಕ್ಷಿಸಿದರೆ ಶೇ 10ರವರೆಗೂ ಸೋಂಕುಗಳು ತಪ್ಪಿಹೋಗಬಹುದು ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿ ಹೇಳುತ್ತದೆ. ಆದ್ದರಿಂದ 8.9 ಮತ್ತು 7 ಎಂಬ ಸಂಖ್ಯೆಗಳನ್ನು ‘ಇಷ್ಟಾದರೂ ಇತ್ತು’ ಎಂದು ಓದುವುದು ಸರಿ. ಎರಡೂ ಸಲ ಮೂತ್ರವನ್ನೇ ಬಳಸಿದ್ದರಿಂದ ಇಳಿಕೆಯನ್ನು ಹೋಲಿಸಿ ನೋಡಲು ಅಡ್ಡಿಯಿಲ್ಲ.

ಕೊರಳಿನ ಸ್ವ್ಯಾಬ್ ಯಾಕೆ ಅಷ್ಟು ಅನಿವಾರ್ಯವಾಗಿತ್ತು ಎಂಬುದಕ್ಕೆ ಬ್ಯಾಕ್ಟೀರಿಯಾದ ಸ್ವಭಾವದಲ್ಲೇ ಉತ್ತರವಿದೆ. 1907ರಲ್ಲಿ ಜಾವಾ ದ್ವೀಪದಲ್ಲಿ ಹಾಲ್ಬರ್ಸ್ಟೇಟರ್ ಮತ್ತು ಪ್ರೊವಾಜೆಕ್ ಎಂಬ ಇಬ್ಬರು ವಿಜ್ಞಾನಿಗಳು ಟ್ರಕೋಮಾ ಎಂಬ ಕಣ್ಣುರೋಗ ಆದವರ ಕಣ್ಣಿನಿಂದ ಕೆರೆದು ತೆಗೆದದ್ದನ್ನು ಒರಾಂಗುಟಾನ್‌ಗಳ ಕಣ್ಣಿಗೆ ಸೋಂಕಿಸಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಜೀವಕೋಶಗಳೊಳಗೆ ಚುಕ್ಕೆಗಳ ಗೊಂಚಲು ಕಂಡಿತು. ಕೆಲವೇ ವರ್ಷಗಳಲ್ಲಿ ಅಂಥದೇ ಗೊಂಚಲುಗಳು ಕಣ್ಣು ಬಂದ ನವಜಾತ ಶಿಶುಗಳಲ್ಲಿ, ಅವರ ತಾಯಂದಿರ ಗರ್ಭಕೋಶದ ಕೊರಳಿನಲ್ಲಿಯೂ ಸಿಕ್ಕವು. ಹೀಗೆ ಈ ರೋಗಾಣುವಿನ ಮೊದಲ ಮಾದರಿ ಕಣ್ಣಿನದು. ನಮ್ಮ ಹಿರಿಯರ ಕಾಲದಲ್ಲಿ ಉತ್ತರ ಭಾರತದಲ್ಲಿ ಲಕ್ಷಾಂತರ ಜನರ ದೃಷ್ಟಿ ಕಸಿದ ಟ್ರಕೋಮಾ ಇದೇ ಜಾತಿಯ ಬೇರೆ ತಳಿಗಳದ್ದು. ಭಾರತದಲ್ಲಿ ಟ್ರಕೋಮಾ ಇನ್ನು ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಉಳಿದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿದ್ದು 2024ರ ಅಕ್ಟೋಬರ್‌ನಲ್ಲಿ.

ಈ ಜೀವಿಯನ್ನು ಬೆಳೆಸುವುದು ಮಾತ್ರ ಐವತ್ತು ವರ್ಷ ಯಾರ ಕೈಲೂ ಆಗಲಿಲ್ಲ. ಬೇರೆ ಬ್ಯಾಕ್ಟೀರಿಯಾಗಳಂತೆ ತಟ್ಟೆಯ ಮೇಲೆ ಪೋಷಕಾಂಶ ಹರಡಿ ಬಿಟ್ಟರೆ ಇದು ಬೆಳೆಯದು. ಬದುಕಲು ಇನ್ನೊಂದು ಜೀವಕೋಶದ ಒಳಗೇ ಇರಬೇಕು. ಆ ಕಾರಣಕ್ಕೆ ಬಹುಕಾಲ ಇದನ್ನು ವೈರಸ್ ಎಂದೇ ತಿಳಿದಿದ್ದರು. 1957ರಲ್ಲಿ ಬೀಜಿಂಗ್‌ನ ತಾಂಗ್ ಫೈಫಾನ್ ಮತ್ತು ಸಂಗಡಿಗರು ಕೋಳಿಮೊಟ್ಟೆಯ ಭ್ರೂಣದ ಹಳದಿ ಚೀಲದಲ್ಲಿ ಬೆಳೆಸಿ ತೋರಿಸಿದರು. 1965ರ ಹೊತ್ತಿಗೆ ಗಾಜಿನ ಪಾತ್ರೆಯಲ್ಲಿ ಬೆಳೆಸಿದ ಜೀವಕೋಶಗಳಲ್ಲಿ ಬೆಳೆಸುವ ವಿಧಾನ ಬಂತು. ಇದರ ಬಾಳು ಎರಡು ರೂಪದ್ದು. ಹೊರಗೆ ಪ್ರಯಾಣ ಮಾಡುವಾಗ ಒಂದು ಮೈಕ್ರೋಮೀಟರಿನ ಮೂರನೇ ಒಂದರಷ್ಟು ಚಿಕ್ಕ, ಗಟ್ಟಿ ಕಣ. ಜೀವಕೋಶ ಹೊಕ್ಕಮೇಲೆ ಹಿಗ್ಗಿ, ಒಡೆದು ಒಡೆದು ನೂರಾರಾಗಿ, ಎರಡು ಮೂರು ದಿನದಲ್ಲಿ ಮತ್ತೆ ಕಣಗಳಾಗಿ, ಜೀವಕೋಶವನ್ನು ಸೀಳಿ ಹೊರಬರುತ್ತದೆ. ಇದಕ್ಕೆ ಇಷ್ಟವಾದದ್ದು ಕಂಬದಂತೆ ಉದ್ದಕ್ಕೆ ನಿಂತ ಒಂದೇ ಪದರದ ಜೀವಕೋಶಗಳು. ಅವು ಗರ್ಭಕೋಶದ ಕೊರಳಿನ ಒಳಗಿವೆ, ಮೂತ್ರನಾಳದಲ್ಲಿವೆ, ಗುದದ್ವಾರದ ಒಳಗಿವೆ. ಯೋನಿಯ ಗೋಡೆಯ ಪದರ ಬೇರೆ ಬಗೆಯದು.

ಹಾಗಾಗಿ ಹಳೆಯ ವಿಧಾನಕ್ಕೆ ಸೋಂಕಿತ ಜೀವಕೋಶಗಳೇ ಬೇಕಿದ್ದವು, ಅದೂ ಜೀವಂತವಾಗಿ. ಕೀವು ತಂದರೆ ಆಗುತ್ತಿರಲಿಲ್ಲ. ಗೋಡೆಯನ್ನು ಉಜ್ಜಿ ಜೀವಕೋಶ ಕೀಳಬೇಕಿತ್ತು. ಗಂಡಸರಲ್ಲಿ ಸಪೂರ ಸ್ವ್ಯಾಬನ್ನು ಮೂತ್ರನಾಳದೊಳಗೆ ಮೂರು ನಾಲ್ಕು ಸೆಂಟಿಮೀಟರ್ ತೂರಿಸಿ ತಿರುಗಿಸುತ್ತಿದ್ದರು. ಆ ನೋವನ್ನು ಒಮ್ಮೆ ಕಂಡ ಗಂಡಸರು ಎರಡನೇ ಸಲ ಪರೀಕ್ಷೆಗೆ ಹಿಂಜರಿದಿದ್ದರೆ ಆಶ್ಚರ್ಯವಿಲ್ಲ. ಸ್ವ್ಯಾಬಿನ ಕಡ್ಡಿ ಮರದ್ದಾಗಿದ್ದರೆ ಅದರಲ್ಲಿನ ರಸಾಯನಗಳೇ ಬೆಳವಣಿಗೆಯನ್ನು ಕೊಲ್ಲಬಲ್ಲವು. ತೆಗೆದ ಮಾದರಿ ಸಕ್ಕರೆ ಮತ್ತು ಫಾಸ್ಫೇಟ್ ಬೆರೆಸಿದ ವಿಶೇಷ ದ್ರಾವಣದಲ್ಲಿ, ಫ್ರಿಜ್ಜಿನ ತಂಪಿನಲ್ಲಿ, ಒಂದೆರಡು ದಿನದೊಳಗೆ ಪ್ರಯೋಗಾಲಯ ಸೇರಬೇಕು. ಅಥಣಿಯ ಏಪ್ರಿಲ್ ಬಿಸಿಲಿನಲ್ಲಿ, ಬಸ್ಸಿನಲ್ಲಿ, ಬೆಳಗಾವಿಗೆ ಅಥವಾ ಅದರಾಚೆಗೆ! ಎಲ್ಲವೂ ಸರಿಯಾಗಿ ನಡೆದರೂ ಈ ವಿಧಾನ ಹಿಡಿಯುತ್ತಿದ್ದದ್ದು ನೂರು ಸೋಂಕಿನಲ್ಲಿ ಎಪ್ಪತ್ತರಿಂದ ಎಂಬತ್ತೈದು.

ಮಾದರಿಯ ಕಥೆ ಬದಲಾದದ್ದು ಪಿಸಿಆರ್ ಬಂದ ಮೇಲೆ. ಕೊರೋನಾ ನಂತರ ಪಿಸಿಆರ್, ಸ್ವ್ಯಾಬ್ ಎಂಬ ಮಾತುಗಳನ್ನು ಕೇಳದವರು ಈ ಸೀಮೆಯಲ್ಲಿಯೂ ಇಲ್ಲ. ಕ್ಯಾರಿ ಮುಲ್ಲಿಸ್ 1983ರಲ್ಲಿ ಕಂಡುಹಿಡಿದ ಈ ತಂತ್ರ ಡಿಎನ್ಎಯ ಆಯ್ದ ತುಣುಕನ್ನು ಒಂದರಿಂದ ಎರಡು, ಎರಡರಿಂದ ನಾಲ್ಕು ಎಂದು ದ್ವಿಗುಣಗೊಳಿಸುತ್ತ ಹೋಗುತ್ತದೆ. ಮೂವತ್ತು ಸುತ್ತು ಮುಗಿಯುವಾಗ ಒಂದು ತುಣುಕು ನೂರು ಕೋಟಿ ದಾಟಿರುತ್ತದೆ. ಕ್ಲಮಿಡಿಯಾ ಹುಡುಕುವ ಪಿಸಿಆರ್ ಕಿಟ್ 1990ರ ದಶಕದ ಆದಿಯಲ್ಲಿ ಮಾರುಕಟ್ಟೆಗೆ ಬಂತು. ಜೀವಿ ಜೀವಂತವಾಗಿರಬೇಕೆಂಬ ಕಟ್ಟು ಅಲ್ಲಿಗೆ ಕಳಚಿತು. ಜೀವಕೋಶದ ಚೂರು, ಸತ್ತ ಬ್ಯಾಕ್ಟೀರಿಯಾದ ಡಿಎನ್ಎ, ಮೂತ್ರದಲ್ಲಿ ತೇಲಿಬಂದ ಕೆಲವೇ ಕಣಗಳು, ಇಷ್ಟು ಸಾಕು. ಈಗಿನ ಕಿಟ್‌ಗಳಲ್ಲಿ ಮೂತ್ರವನ್ನು 24 ಗಂಟೆಯೊಳಗೆ ರಕ್ಷಕ ದ್ರಾವಣದ ಕೊಳವೆಗೆ ಹಾಕಿಟ್ಟರೆ ಕೋಣೆಯ ಉಷ್ಣತೆಯಲ್ಲೇ ವಾರಗಟ್ಟಲೆ ಕೆಡದೆ ಇರುತ್ತದೆ. ಕಾಗವಾಡದಂಥ ಊರಿಗೆ ಇದು ಯಂತ್ರದಷ್ಟೇ ಬೆಲೆಯುಳ್ಳ ಸಂಗತಿ.

ಇಷ್ಟು ಸೂಕ್ಷ್ಮವಾದ ಪರೀಕ್ಷೆ ಬಂದಮೇಲೆ ಸಂಶೋಧಕರು ಹಳೆಯ ನಂಬಿಕೆಯೊಂದನ್ನು ಮತ್ತೆ ಪರೀಕ್ಷೆಗಿಟ್ಟರು. ಸೋಂಕು ಕೊರಳಿನಲ್ಲಿದ್ದರೂ ಅದರ ಸ್ರಾವ ಯೋನಿಗೆ ಇಳಿದೇ ಇಳಿಯುತ್ತದೆ. ಹಾಗಿದ್ದರೆ ಕೊರಳನ್ನೇ ಮುಟ್ಟಬೇಕೇಕೆ? ಕ್ಯಾಲಿಫೋರ್ನಿಯಾದ ಜೂಲಿಯಸ್ ಶಾಕ್ಟರ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನವೂ ಸೇರಿ ಹಲವು ಅಧ್ಯಯನಗಳು ತೋರಿಸಿದ್ದು ಒಂದೇ: ಯೋನಿಯ ಸ್ವ್ಯಾಬ್ ಕೊರಳಿನ ಸ್ವ್ಯಾಬಿಗೆ ಸಮ. ಅದನ್ನು ಹೆಂಗಸು ತಾನೇ ತೆಗೆದುಕೊಂಡರೂ ವೈದ್ಯರು ತೆಗೆದಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ. 2014ರ ಸಿಡಿಸಿ ಮಾರ್ಗಸೂಚಿಯಲ್ಲಿ ಹೆಂಗಸರಿಗೆ ಮೊದಲ ಆಯ್ಕೆ ಎಂದೇ ಯೋನಿಯ ಸ್ವ್ಯಾಬನ್ನು ಹೇಳಿದರು. ಮಾಡುವುದು ಇಷ್ಟೇ: ಬಚ್ಚಲಮನೆಗೆ ಹೋಗಿ, ಸ್ವ್ಯಾಬಿನ ಮೆತ್ತನೆಯ ತುದಿಯನ್ನು ಎಲ್ಲಿಯೂ ತಗಲಿಸದೆ, ಸುಮಾರು ಐದು ಸೆಂಟಿಮೀಟರ್ ಒಳಗೆ ಇಟ್ಟು, ಹತ್ತರಿಂದ ಮೂವತ್ತು ಸೆಕೆಂಡ್ ಗೋಡೆಗೆ ತಾಗುವಂತೆ ನಿಧಾನ ತಿರುಗಿಸಿ, ಹೊರತೆಗೆದು ಕೊಳವೆಗೆ ಹಾಕಿ, ಕಡ್ಡಿಯನ್ನು ಗುರುತಿನ ಬಳಿ ಮುರಿದು ಮುಚ್ಚಳ ಬಿಗಿಯುವುದು. ಆಶಾ ಕಾರ್ಯಕರ್ತೆ ಒಮ್ಮೆ ಚಿತ್ರ ತೋರಿಸಿ ಹೇಳಿಕೊಟ್ಟರೆ ಕಲಿಯುವಂಥದು. ಈ ವಿಷಯದಲ್ಲಿ ನಾನು ನಂಬಿದ ಮಾತು ಒಂದಿದೆ: ನಿಪ್ಪಾಣಿಯ ಬೀಡಿ ಕಟ್ಟುವ ಹೆಂಗಸಿನಿಂದ ತೆಗೆಯಬಹುದಾದ ಅತ್ಯುತ್ತಮ ಮಾದರಿಯನ್ನು ಅವಳೇ, ಯಾರ ಎದುರೂ ಸೀರೆ ಸರಿಸದೆ, ತೆಗೆದುಕೊಡಬಲ್ಲಳು. ವಿಜ್ಞಾನ ಇಷ್ಟು ಮಟ್ಟಿಗೆ ಅವಳ ಮಾನದ ಪರವಾಗಿ ನಿಂತಿರುವಾಗ ವ್ಯವಸ್ಥೆಯೂ ನಿಲ್ಲಬೇಕು.

ಸದ್ಯಕ್ಕೆ ನಮ್ಮಲ್ಲಿ ನಡೆಯುವ ಕ್ರಮ ಬೇರೆ. ಸರ್ಕಾರಿ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಗುಪ್ತರೋಗಗಳನ್ನು ಲಕ್ಷಣ ನೋಡಿ ಗುಂಪು ಮಾಡಿ, ಬಣ್ಣದ ಕಿಟ್ ಕೊಡುತ್ತಾರೆ. ಮೂತ್ರನಾಳದ ಸ್ರಾವ ಅಥವಾ ಗರ್ಭಕೊರಳಿನ ಉರಿಯೂತಕ್ಕೆ ಬೂದು ಬಣ್ಣದ ಒಂದನೇ ಕಿಟ್: ಅಜಿತ್ರೊಮೈಸಿನ್ ಒಂದು ಗ್ರಾಂ, ಸಿಫಿಕ್ಸಿಮ್ 400 ಮಿಲಿಗ್ರಾಂ. ಯೋನಿಯ ಸ್ರಾವಕ್ಕೆ ಹಸಿರು ಬಣ್ಣದ ಎರಡನೇ ಕಿಟ್, ಅದರಲ್ಲಿ ಕ್ಲಮಿಡಿಯಾಕ್ಕೆ ಔಷಧವಿಲ್ಲ. ಲ್ಯಾಬ್ ಇಲ್ಲದ ಕಡೆ, ಬಂದ ದಿನವೇ ಔಷಧ ಕೊಟ್ಟು ಕಳಿಸಲು ಇದಕ್ಕಿಂತ ಒಳ್ಳೆಯ ದಾರಿ ಇರಲಿಲ್ಲ. ಅಸಂಖ್ಯ ಜನರಿಗೆ ಇದರಿಂದ ಉಪಕಾರವಾಗಿದೆ. ಗಂಡಸರ ಸ್ರಾವಕ್ಕೆ ಇದು ಚೆನ್ನಾಗಿಯೇ ಹೊಂದುತ್ತದೆ. ಹೆಂಗಸರ ಬಿಳುಪಿಗೆ ಹೊಂದುವುದಿಲ್ಲ. ಬಿಳುಪು ಹೋಗುವುದಕ್ಕೆ ಹೆಚ್ಚಾಗಿ ಬೇರೆ ಕಾರಣಗಳಿರುತ್ತವೆ, ಕ್ಲಮಿಡಿಯಾ ಇರುವವರಲ್ಲಿ ಹೆಚ್ಚಿನವರಿಗೆ ಬಿಳುಪೇ ಇರುವುದಿಲ್ಲ. ಹೀಗೆ ಬೇಡದವರಿಗೆ ಆಂಟಿಬಯೋಟಿಕ್ ಹೋಗುತ್ತದೆ, ಬೇಕಾದವರು ಕ್ಲಿನಿಕ್ಕಿಗೇ ಬರುವುದಿಲ್ಲ. ಅನುಕೂಲವಿದ್ದಲ್ಲಿ ಪರೀಕ್ಷೆ ಮಾಡಿಯೇ ಚಿಕಿತ್ಸೆ ಕೊಡಿ ಎಂದು 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಕ್ಷಯದ ಕಫ ಪರೀಕ್ಷೆಗೆ ರಾಜ್ಯದ ಆಸ್ಪತ್ರೆಗಳಿಗೆ ಬಂದಿರುವ ಸಿಬಿನ್ಯಾಟ್ ಯಂತ್ರದಲ್ಲಿಯೇ ಕ್ಲಮಿಡಿಯಾ ಮತ್ತು ಗೊನೋರಿಯಾದ ಕಾರ್ಟ್ರಿಡ್ಜ್ ಹಾಕಿದರೆ ಸುಮಾರು ಒಂದೂವರೆ ಗಂಟೆಯಲ್ಲಿ ಉತ್ತರ ಬರುತ್ತದೆ. ಯಂತ್ರ ಇದೆ, ವಿದ್ಯುತ್ತಿದೆ, ಅದನ್ನು ನಡೆಸಬಲ್ಲ ಟೆಕ್ನಿಷಿಯನ್ ಇದ್ದಾರೆ. ಆ ಕಾರ್ಟ್ರಿಡ್ಜ್ ಕೊಳ್ಳುವ ನಿರ್ಧಾರ ಬೇಕು.

ರಕ್ತದ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ‘ರಕ್ತ ತಪಾಸ ಮಾಡಿಸಿದರ ಎಲ್ಲಾ ಗೊತ್ತಾಗತೈತಿ’ ಎಂಬ ನಂಬಿಕೆ ಗಟ್ಟಿ. ಮಕ್ಕಳಾಗಲಿಲ್ಲವೆಂದು ಓಡಾಡುವ ದಂಪತಿಗಳ ಫೈಲಿನಲ್ಲಿ ಕ್ಲಮಿಡಿಯಾ ಐಜಿಜಿ, ಐಜಿಎಂ ಎಂಬ ರಕ್ತದ ರಿಪೋರ್ಟ್ ಕಾಣುವುದುಂಟು. ಅದು ಹೇಳುವುದು ದೇಹ ಎಂದೋ ಈ ರೋಗಾಣುವಿಗೆ ಎದುರಾಗಿ ಪ್ರತಿಕಾಯ ಮಾಡಿಕೊಂಡಿದೆ ಎಂದು. ಎದುರಾದದ್ದು ಕಳೆದ ತಿಂಗಳೋ ಹತ್ತು ವರ್ಷದ ಹಿಂದೋ ತಿಳಿಯದು. ಕೆಮ್ಮು, ಶ್ವಾಸಕೋಶದ ಸೋಂಕು ತರುವ ಇನ್ನೊಂದು ಕ್ಲಮಿಡಿಯಾ ಪ್ರಭೇದದಿಂದಲೂ ರಿಪೋರ್ಟ್ ಪಾಸಿಟಿವ್ ಬರಬಹುದು. ಗರ್ಭನಾಳಕ್ಕೆ ಹಿಂದೆಂದೋ ಪೆಟ್ಟು ಬಿದ್ದಿರಬಹುದೇ ಎಂಬ ಅನುಮಾನಕ್ಕೆ ವೈದ್ಯರಿಗೆ ಅದು ಸುಳಿವಾದೀತು. ಈಗ ಸೋಂಕು ಇದೆಯೋ ಇಲ್ಲವೋ ಎಂದು ಅದರಿಂದ ತೀರ್ಮಾನಿಸಿ ಮಾತ್ರೆ ಕೊಡುವುದು ಸರಿಯಲ್ಲ. ಗರ್ಭಧಾರಣೆಯ ಪರೀಕ್ಷೆಯ ಹಾಗೆ ಗೆರೆ ಮೂಡಿಸುವ ಅಗ್ಗದ ಕಾರ್ಡ್ ಟೆಸ್ಟ್‌ಗಳೂ ಸಿಗುತ್ತವೆ. ಅವುಗಳಲ್ಲಿ ಎಷ್ಟೋ ಅರ್ಧದಷ್ಟು ಸೋಂಕನ್ನು ಬಿಟ್ಟುಬಿಡುತ್ತವೆ.

ಗಂಟಲು ಮತ್ತು ಗುದದ್ವಾರದ ಮಾದರಿಗಳ ಬಗ್ಗೆ ನಮ್ಮ ಆಸ್ಪತ್ರೆಗಳಲ್ಲಿ ಮಾತೇ ಏಳುವುದಿಲ್ಲ. ಸಂಪರ್ಕ ಎಲ್ಲಿ ಆಗಿದೆಯೋ ಸೋಂಕು ಅಲ್ಲಿರುತ್ತದೆ. ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಪುರುಷರೊಡನೆ ಸಂಬಂಧವಿರುವ ಪುರುಷರ ಅಧ್ಯಯನವೊಂದು 2005ರಲ್ಲಿ ಪ್ರಕಟವಾಯಿತು. ಅವರಲ್ಲಿ ಕಂಡ ಕ್ಲಮಿಡಿಯಾ ಸೋಂಕುಗಳ ಪೈಕಿ ಶೇ 53 ಮೂತ್ರನಾಳದಲ್ಲಿ ಇರಲೇ ಇಲ್ಲ. ಮೂತ್ರ ಮಾತ್ರ ಕೇಳಿದ್ದರೆ ಅಷ್ಟೂ ಕಾಣುತ್ತಿರಲಿಲ್ಲ. ಯಲ್ಲಮ್ಮನ ಸೇವೆಯಲ್ಲಿರುವ, ಗಂಡಾಗಿ ಹುಟ್ಟಿ ಹೆಣ್ಣಿನ ಉಡುಗೆಯಲ್ಲಿ ಬಾಳುವ ಜೋಗಪ್ಪಂದಿರು ಈ ಸೀಮೆಯ ಹಳೆಯ ಸಮುದಾಯ. ಅವರಲ್ಲಿ ಒಬ್ಬರು ಕ್ಲಿನಿಕ್ಕಿಗೆ ಬಂದರೆ ಮೂತ್ರದ ಡಬ್ಬಿಯೊಂದನ್ನೇ ಕೈಗಿಟ್ಟು ಕಳಿಸುವುದು ಪರೀಕ್ಷೆ ಮಾಡದೆ ಕಳಿಸಿದ್ದಕ್ಕೆ ಹತ್ತಿರ. ಗುದದ ಸ್ವ್ಯಾಬನ್ನೂ ತಾವೇ ತೆಗೆದುಕೊಳ್ಳಬಹುದು. ಅಲ್ಲಿನ ಸೋಂಕಿಗೆ ಅಜಿತ್ರೊಮೈಸಿನ್‌ಗಿಂತ ಡಾಕ್ಸಿಸೈಕ್ಲಿನ್ ಮೇಲು. ಹಾಗಾಗಿ ಮಾದರಿ ಎಲ್ಲಿಯದು ಎಂಬುದರ ಮೇಲೆ ಔಷಧವೂ ಬದಲಾಗುತ್ತದೆ.

ಒಳ್ಳೆಯ ಮಾದರಿ, ಒಳ್ಳೆಯ ಯಂತ್ರ ಎರಡೂ ಇದ್ದು ಇಡೀ ಪ್ರಾಂತ ಮೋಸಹೋದದ್ದೂ ಇದೆ. ಸ್ವೀಡನ್ನಿನ ಹಾಲಂಡ್ ಎಂಬಲ್ಲಿ 2006ರಲ್ಲಿ ಕ್ಲಮಿಡಿಯಾ ಪ್ರಕರಣಗಳು ಶೇ 25ರಷ್ಟು ಇಳಿದಂತೆ ಕಂಡವು. ಇಳಿಯಲು ಕಾರಣವೇ ಇರಲಿಲ್ಲ. ಹುಡುಕಿದಾಗ ಸಿಕ್ಕಿದ್ದು ಹೊಸ ತಳಿ: ಈ ಬ್ಯಾಕ್ಟೀರಿಯಾದ ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್ಎ ಉಂಗುರದಲ್ಲಿ 377 ಅಕ್ಷರಗಳು ಕಳಚಿಹೋಗಿದ್ದವು. ಎರಡು ದೊಡ್ಡ ಕಂಪನಿಗಳ ಕಿಟ್‌ಗಳು ಗುರಿಯಿಟ್ಟಿದ್ದದ್ದು ಸರಿಯಾಗಿ ಆ ತುಣುಕಿಗೇ. ಪರೀಕ್ಷೆಗೆ ಕಾಣದ ತಳಿ, ಚಿಕಿತ್ಸೆಯಿಂದ ತಪ್ಪಿಸಿಕೊಂಡು ಹರಡಿತ್ತು. 2019ರಲ್ಲಿ ಫಿನ್ಲೆಂಡ್‌ನಲ್ಲಿ ಒಂದೇ ಅಕ್ಷರದ ಬದಲಾವಣೆಯಿಂದ ಇನ್ನೊಂದು ಕಿಟ್ ಕುರುಡಾಯಿತು. ಅದಕ್ಕೇ ಈಗ ಒಂದರ ಬದಲು ಎರಡು ಗುರಿಗಳನ್ನು ಇಡುತ್ತಾರೆ. ಸಂಖ್ಯೆ ಇದ್ದಕ್ಕಿದ್ದಂತೆ ಇಳಿದಾಗ ‘ಯಾಕೆ’ ಎಂದು ಕೇಳುವವರು ಅಲ್ಲಿದ್ದರು. ಎಣಿಸುವವರಿದ್ದರೆ ಮಾತ್ರ ಕೇಳುವವರೂ ಇರುತ್ತಾರೆ.

ಯಾರನ್ನು ಪರೀಕ್ಷಿಸುತ್ತೇವೆ ಎಂಬುದರ ಮೇಲೂ ರಿಪೋರ್ಟಿನ ಅರ್ಥ ನಿಂತಿದೆ. ನೂರರಲ್ಲಿ 95 ಸೋಂಕು ಹಿಡಿಯುವ, ಸೋಂಕಿಲ್ಲದ ನೂರರಲ್ಲಿ ಒಬ್ಬರಿಗೆ ಮಾತ್ರ ತಪ್ಪಾಗಿ ‘ಇದೆ’ ಎನ್ನುವ ಪರೀಕ್ಷೆ ಎಂದುಕೊಳ್ಳಿ. ನೂರಕ್ಕೆ ಎಂಟು ಮಂದಿಗೆ ಸೋಂಕಿರುವ ಸಾವಿರ ಜನರ ಗುಂಪಿನಲ್ಲಿ ನಿಜವಾದ ಪಾಸಿಟಿವ್ 76, ಸುಳ್ಳು ಪಾಸಿಟಿವ್ ಒಂಬತ್ತು. ರಿಪೋರ್ಟನ್ನು ನಂಬಬಹುದು. ಅದೇ ಪರೀಕ್ಷೆಯನ್ನು ನೂರಕ್ಕೆ ಒಬ್ಬರಿಗಷ್ಟೇ ಸೋಂಕಿರುವ ಸಾವಿರ ಬಸುರಿಯರಿಗೆ ಮಾಡಿದರೆ ನಿಜವಾದವು ಒಂಬತ್ತೋ ಹತ್ತೋ, ಸುಳ್ಳಾದವೂ ಹತ್ತು. ಪಾಸಿಟಿವ್ ಎಂದು ಬಂದ ಪ್ರತಿ ಇಬ್ಬರಲ್ಲಿ ಒಬ್ಬಳಿಗೆ ರೋಗವೇ ಇಲ್ಲ! ಹಳ್ಳಿಯ ಮನೆಯೊಂದರಲ್ಲಿ ಆ ಒಂದು ಹಾಳೆ ಏನು ಮಾಡಬಲ್ಲದು ಎಂದು ಯೋಚಿಸಿದರೆ, ಎರಡನೇ ಮಾದರಿ ತೆಗೆದು ಬೇರೆ ಗುರಿಯ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳದೆ ಬಾಯಿ ಬಿಡಬಾರದು ಎನಿಸುತ್ತದೆ. ಖಚಿತವಾದರೂ ಯಾರಿಂದ ಯಾರಿಗೆ ಬಂತು, ಯಾವಾಗ ಬಂತು ಎಂದು ಪರೀಕ್ಷೆ ಹೇಳುವುದಿಲ್ಲ. ಈ ಸೋಂಕು ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷ ದಾಟಿಯೂ ಸುಮ್ಮನೆ ಇದ್ದುಬಿಡುತ್ತದೆ. ಗಂಡ ಹೆಂಡತಿ ಇಬ್ಬರಿಗೂ ಒಟ್ಟಿಗೇ ಚಿಕಿತ್ಸೆ ಕೊಟ್ಟು, ಏಳು ದಿನ ದೂರವಿರಿ ಎಂದು ಹೇಳಿ ಕಳಿಸುವ ವೈದ್ಯರು ಮಾಡುವುದು ಸರಿಯಾದ ಕೆಲಸ.

ಕೊನೆಯದು ಸಮಯದ ಲೆಕ್ಕ. ಪರೀಕ್ಷೆ ಸತ್ತ ಬ್ಯಾಕ್ಟೀರಿಯಾದ ಡಿಎನ್ಎಯನ್ನೂ ಹಿಡಿಯುತ್ತದೆಯಾದ್ದರಿಂದ, ಮಾತ್ರೆ ನುಂಗಿ ಹತ್ತು ದಿನಕ್ಕೇ ಮತ್ತೆ ತಪಾಸಣೆ ಮಾಡಿಸಿದರೆ ಗುಣವಾದವರಿಗೂ ‘ಇದೆ’ ಎಂದು ಬರಬಹುದು. ಬಸುರಿಯರಿಗೆ ಗುಣವಾಯಿತೇ ಎಂದು ನೋಡುವುದು ಸುಮಾರು ನಾಲ್ಕು ವಾರ ಬಿಟ್ಟು. ಉಳಿದವರಿಗೆ ಅದು ಬೇಕಿಲ್ಲ. ಆದರೆ ಸಂಗಾತಿಯಿಂದ ಮರುಸೋಂಕು ಆಗುವುದು ಹೆಚ್ಚಾದ್ದರಿಂದ ಮೂರು ತಿಂಗಳಿಗೆ ಮತ್ತೊಂದು ಪರೀಕ್ಷೆ ಮಾಡಬೇಕು. ದೀಪಾವಳಿಯ ಆಸುಪಾಸಿಗೆ ಬಂದ ಕಬ್ಬಿನ ಗ್ಯಾಂಗಿನ ಹೆಂಗಸಿಗೆ ಸಂಕ್ರಾಂತಿಯ ಹೊತ್ತಿಗೆ ಅಥಣಿಯಲ್ಲಿ ಸೋಂಕು ಕಂಡರೆ, ಮೂರು ತಿಂಗಳು ತುಂಬುವಾಗ ಹಂಗಾಮು ಮುಗಿದು ಅವಳು ಮಹಾರಾಷ್ಟ್ರದ ಬೀಡದಲ್ಲೋ ವಿಜಯಪುರದ ಯಾವುದೋ ಹಳ್ಳಿಯಲ್ಲೋ ಇರುತ್ತಾಳೆ. ಅವಳ ಕೈಯಲ್ಲಿ ಹೋಗುವ ಚೀಟಿಯಲ್ಲಿ ಸೋಂಕಿನ ಹೆಸರು, ಕೊಟ್ಟ ಔಷಧ, ತಾರೀಖು, ಮುಂದಿನ ಪರೀಕ್ಷೆಗೆ ಬೇಕಾದ ಮಾದರಿ, ಇಷ್ಟನ್ನು ಕನ್ನಡ ಮತ್ತು ಮರಾಠಿ ಎರಡರಲ್ಲೂ ಬರೆದುಕೊಟ್ಟರೆ ಅಲ್ಲಿನ ಲ್ಯಾಬಿನವರು ಅವಳಿಗೆ ನಡುವಿನ ಮೂತ್ರ ಹಿಡಿಯಲು ಹೇಳುವುದಿಲ್ಲ.